ಇದ್ದಿಲಿಗೆ ಅಂಟಿದ್ದು

ನಮ್ಮ ಅಡುಗೆಮನೆಯ ಗೋಡೆಗೆ ನೇತುಹಾಕಿರುವ ನೀರಿನ ಫಿಲ್ಟರನ್ನು ವರ್ಷಕ್ಕೊಮ್ಮೆ ಬಿಚ್ಚಿಸುವುದುಂಟು. ಕಂಪನಿಯ ಹುಡುಗ ಬಂದು ಹಳೆಯ ಕೊಳವೆ ತೆಗೆದು ಹೊಸದನ್ನು ಜೋಡಿಸಿ, ದುಡ್ಡೆಣಿಸಿಕೊಂಡು ಹೋಗುತ್ತಾನೆ. ಕಳೆದ ಸಲ ಅವನು ಹಳೆಯ ಕೊಳವೆಯನ್ನು ಇಲ್ಲೇ ಬಿಟ್ಟುಹೋದ. ಒಳಗೇನಿದೆಯೋ ನೋಡೋಣವೆಂದು ನಾನು ಅದನ್ನು ಹಿತ್ತಲಿನ ಕಲ್ಲಿನ ಮೇಲೆ ಕುಟ್ಟಿ ಒಡೆದೆ. ಸಾಸಿವೆ ಗಾತ್ರದ ಕಪ್ಪು ಕಾಳುಗಳು ಚೆಲ್ಲಿಕೊಂಡವು. ಪಾತ್ರೆ ತೊಳೆಯುತ್ತಿದ್ದ ಶರಣಮ್ಮ ಎದ್ದು ಬಂದು, ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದಳು.

‘ಅಕ್ಕಾರ, ಇದು ಇದ್ಲಿ ಅಲ್ಲೇನ್ರಿ?’

‘ಹೂಂ ಶರಣಮ್ಮ, ಇದ್ದಿಲೇ. ತೆಂಗಿನ ಚಿಪ್ಪು ಸುಟ್ಟು ಮಾಡಿರೋದು.’

‘ಇದ್ರಾಗ ಸೋಸಿದ್ರ ನೀರಾಗಿನ ವಿಷ ಹೋಗ್ತದೇನ್ರಿ? ನಮ್ಮೂರಾಗ ಬೋರಿಗೆ ಕೆಂಪು ಬಣ್ಣ ಬಡದಾರ್ರಿ. ನಮ್ಮವ್ವ ಇನ್ನೂ ಅದೇ ನೀರು ಕುಡೀತಾಳ.’

ಶರಣಮ್ಮ ಯಾದಗಿರಿ ಜಿಲ್ಲೆಯವಳು. ಗಂಡ ಗಾರೆ ಕೆಲಸಕ್ಕೆಂದು ತುಮಕೂರಿಗೆ ಬಂದ ಮೇಲೆ ಇವಳೂ ಬಂದಳು. ನಾನು ಒಗ್ಗರಣೆಗಿಟ್ಟ ಎಣ್ಣೆಯ ಕಡೆ ಕಣ್ಣಿಟ್ಟುಕೊಂಡೇ, ‘ಹೋಗುತ್ತೆ ಕಣೆ, ಇದ್ದಿಲು ಎಲ್ಲಾನೂ ಹೀರ್ಕೊಳುತ್ತೆ’ ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅದು ಅವಳಲ್ಲಿ ಏನು ಹುಟ್ಟಿಸಿತು ಎಂಬುದು ನನಗೆ ಗೊತ್ತಾದದ್ದು ಮೂರು ವಾರದ ಮೇಲೆ.

ಇದ್ದಿಲಿನ ವಿಷಯದಲ್ಲಿ ನನಗೆ ಅಷ್ಟೊಂದು ಧೈರ್ಯ ಬರಲು ಕಾರಣವೂ ಇತ್ತು. ನನ್ನ ತವರು ತಿಪಟೂರಿನ ಕಡೆಯ ಹಳ್ಳಿ. ಕೊಬ್ಬರಿಯ ಸೀಮೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಅದರ ಪಾಡಿಗೆ ಬಿಟ್ಟು, ಒಳಗೆ ನೀರಾರಿ ಉಂಡೆ ಕೊಬ್ಬರಿಯಾದ ಮೇಲೆ ಇಳಿಸುತ್ತಿದ್ದರು. ಕೊಬ್ಬರಿ ಸುಲಿಯುವ ದಿನ ಅಂಗಳದಲ್ಲಿ ಮೂರು ರಾಶಿ ಬೀಳುತ್ತಿತ್ತು: ಕೊಬ್ಬರಿ, ಮಟ್ಟೆ, ಚಿಪ್ಪು. ಕೊಬ್ಬರಿ ಗಂಡಸರ ಲೆಕ್ಕ, ಅದು ಮಂಡಿಗೆ ಹೋಗುತ್ತಿತ್ತು. ಮಟ್ಟೆ ಮತ್ತು ಚಿಪ್ಪು ಹೆಂಗಸರ ಪಾಲು. ಮಟ್ಟೆ ಹಂಡೆಯ ಒಲೆಗೆ. ಚಿಪ್ಪನ್ನು ಅಜ್ಜಿ ಗುಂಡಿಯಲ್ಲಿ ಸುಟ್ಟು, ಉರಿ ಹಿಡಿದ ಮೇಲೆ ತಗಡು ಮುಚ್ಚಿ ಅಂಚಿಗೆ ಮಣ್ಣು ಮೆತ್ತಿ, ಮರುದಿನ ತೆಗೆದರೆ ಟಣ್ ಎನ್ನುವ ಇದ್ದಿಲು ಸಿದ್ಧವಾಗಿರುತ್ತಿತ್ತು. ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಗೆ ಅದು, ಇಸ್ತ್ರಿಪೆಟ್ಟಿಗೆಗೆ ಅದು. ನುಣ್ಣಗೆ ಅರೆದು ಉಪ್ಪು ಬೆರೆಸಿದರೆ ಹಲ್ಲುಪುಡಿ. ಹೊಸ ಮಡಕೆಯ ಮಣ್ಣು ವಾಸನೆ ಹೋಗಲೂ ನಾಲ್ಕು ಚೂರು ಇದ್ದಿಲು. ಬಾವಿಯ ನೀರು ಮಗ್ಗು ವಾಸನೆ ಬಂದರೆ ಬಟ್ಟೆಯಲ್ಲಿ ಇದ್ದಿಲು ಕಟ್ಟಿ ಹಗ್ಗಕ್ಕೆ ಬಿಗಿದು ಇಳಿಬಿಡುವುದು. ಎರಡು ದಿನಕ್ಕೆ ವಾಸನೆ ಕಡಿಮೆಯಾಗುತ್ತಿತ್ತು. ಅಜ್ಜಿಗೆ ಇದರ ಶಾಸ್ತ್ರ ಗೊತ್ತಿರಲಿಲ್ಲ, ಗುಣ ಮಾತ್ರ ಗೊತ್ತಿತ್ತು.

ಅದೇ ಗುಣವನ್ನು ಶಾಸ್ತ್ರದ ಲೆಕ್ಕಕ್ಕೆ ತಂದವನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಒಬ್ಬ ಔಷಧಿ ತಯಾರಕ, ತೋಬಿಯಾಸ್ ಲೋವಿಟ್ಸ್. 1785ರಲ್ಲಿ ಅವನು ಟಾರ್ಟಾರಿಕ್ ಆಮ್ಲದ ಬಿಳಿ ಹರಳು ಮಾಡಲು ಹೆಣಗುತ್ತಿದ್ದ. ಈ ಆಮ್ಲ ನಮಗೆ ಹೊಸದಲ್ಲ, ನಮ್ಮ ಹುಣಿಸೆಹಣ್ಣಿನ ಹುಳಿಯೇ ಅದು. ಹುಣಿಸೆ ರಸವನ್ನು ಕುದಿಸಿದಷ್ಟೂ ಕಂದಾಗುವುದನ್ನು ನೀವು ನೋಡಿದ್ದೀರಿ. ಲೋವಿಟ್ಸನ ದ್ರಾವಣವೂ ಹಾಗೇ ಕಂದಾಗಿ ಹಟ ಮಾಡುತ್ತಿತ್ತು. ಇದ್ದಿಲ ಪುಡಿ ಸೇರಿದಾಗ ಆ ಬಣ್ಣ ಇಳಿದುಹೋಯಿತು. ಕಪ್ಪನ್ನು ಹಾಕಿದರೆ ಬಿಳುಪು ಬರುವುದೆಂದರೆ ಏನು ವಿಚಿತ್ರ! ಅವನು ಬಿಡಲಿಲ್ಲ. ಮದ್ಯದ ಕೆಟ್ಟ ವಾಸನೆಗೆ ಹಾಕಿ ನೋಡಿದ, ಕೊಳೆತ ನೀರಿಗೆ ಹಾಕಿ ನೋಡಿದ. ಎಲ್ಲ ಕಡೆಯೂ ಇದ್ದಿಲು ಬಣ್ಣ, ವಾಸನೆಗಳನ್ನು ತನ್ನ ಮೈಗೆ ಹಚ್ಚಿಕೊಂಡು ಉಳಿದದ್ದನ್ನು ತಿಳಿಯಾಗಿಸಿತು.

ಈ ವಿದ್ಯೆಯನ್ನು ಮೊದಲು ದೊಡ್ಡದಾಗಿ ಹಿಡಿದುಕೊಂಡವರು ನೀರಿನವರಲ್ಲ, ಸಕ್ಕರೆಯವರು. 1794ರ ಹೊತ್ತಿಗೆ ಇಂಗ್ಲೆಂಡಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಪಾಕದ ಕಂದು ಬಣ್ಣ ತೆಗೆಯಲು ಇದ್ದಿಲು ಬಂತು. 1811ರಲ್ಲಿ ಫ್ರಾನ್ಸಿನ ಫಿಗ್ಯೇ ಎಂಬಾತ ಮರದ ಇದ್ದಿಲಿಗಿಂತ ಎಲುಬನ್ನು ಸುಟ್ಟ ಇದ್ದಿಲು ಇನ್ನೂ ಚೆನ್ನಾಗಿ ಬಣ್ಣ ಹೀರುತ್ತದೆಂದು ತೋರಿಸಿದ. ಆಮೇಲೆ ಯುರೋಪಿನ ಸಕ್ಕರೆಯೆಲ್ಲ ಎಲುಬಿನ ಇದ್ದಿಲನ್ನು ಹಾದು ಬೆಳ್ಳಗಾಗತೊಡಗಿತು. ಇದನ್ನು ಓದಿದಾಗ ನನಗೆ ಅಜ್ಜಿಯ ಹಟ ನೆನಪಾಯಿತು. ಅವರು ದೇವರ ನೈವೇದ್ಯಕ್ಕೆ ಅಂಗಡಿ ಸಕ್ಕರೆ ಬಳಸುತ್ತಿರಲಿಲ್ಲ. ‘ಅದು ಮೂಳೆ ಸಕ್ಕರೆ ಕಣೆ, ಬೆಲ್ಲ ಹಾಕು’ ಎನ್ನುತ್ತಿದ್ದರು. ನಾವು ಕಾಲೇಜು ಮೆಟ್ಟಿಲು ಹತ್ತಿದ ಮೊಮ್ಮಕ್ಕಳು ನಗುತ್ತಿದ್ದೆವು. ಸ್ವದೇಶಿ ಚಳವಳಿಯ ಕಾಲದಲ್ಲಿ ವಿದೇಶಿ ಸಕ್ಕರೆಯ ಮೇಲೆ ಎದ್ದಿದ್ದ ಕೂಗು ಅದು, ಹಳ್ಳಿಯ ಅಡುಗೆಮನೆಯಲ್ಲಿ ಅಷ್ಟು ದಿನ ಉಳಿದುಕೊಂಡಿತ್ತು. ನಮ್ಮ ಮಂಡ್ಯದ ಸಕ್ಕರೆಗೆ ಅದನ್ನು ಅಂಟಿಸಿದ್ದು ಅಜ್ಜಿಯ ತಪ್ಪಿರಬಹುದು. ಆದರೆ ಮಾತಿನ ಮೂಲದಲ್ಲಿ ನಿಜವಿತ್ತು.

ಸಕ್ಕರೆಯ ಬಿಳುಪಿನಿಂದ ಇದ್ದಿಲಿನ ಕಥೆ ನೇರ ಯುದ್ಧಭೂಮಿಗೆ ಹೋಗುತ್ತದೆ. 1900ರ ಸುಮಾರಿನಲ್ಲಿ ರಾಫೇಲ್ ಫಾನ್ ಒಸ್ಟ್ರೆಯ್ಕೊ ಎಂಬ ರಸಾಯನಶಾಸ್ತ್ರಜ್ಞ ಇದ್ದಿಲನ್ನು ಮತ್ತೊಮ್ಮೆ ಪಳಗಿಸುವ ವಿಧಾನಗಳಿಗೆ ಪೇಟೆಂಟ್ ಪಡೆದ. ಸುಟ್ಟ ಇದ್ದಿಲನ್ನು ಕೆಂಪಗೆ ಕಾಯಿಸಿ, ಅದರ ಮೂಲಕ ಹಬೆ ಹಾಯಿಸುವುದು ಒಂದು ವಿಧಾನ. ಇಲ್ಲವೇ ಸುಡುವ ಮೊದಲೇ ಕೆಲವು ಲವಣಗಳನ್ನು ಬೆರೆಸುವುದು. ಹೀಗೆ ಮಾಡಿದ ಇದ್ದಿಲು ಮಾಮೂಲಿನದಕ್ಕಿಂತ ಹತ್ತಾರು ಪಟ್ಟು ಚುರುಕು. ಇಂಗ್ಲಿಷಿನಲ್ಲಿ ಆಕ್ಟಿವೇಟೆಡ್ ಕಾರ್ಬನ್, ನಮ್ಮ ಪಠ್ಯಪುಸ್ತಕಗಳಲ್ಲಿ ಸಕ್ರಿಯ ಇಂಗಾಲ. ಇದು ಬಂದು ಹದಿನೈದು ವರ್ಷಕ್ಕೆ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೈನ್ಯ ಕ್ಲೋರಿನ್ ವಿಷಾನಿಲವನ್ನು ಗಾಳಿಗೆ ಬಿಟ್ಟಿತು. ಸೈನಿಕರು ನಿಂತಲ್ಲೇ ಉಸಿರು ಕಟ್ಟಿ ಬಿದ್ದರು. ಅದೇ ವರ್ಷ ರಷ್ಯಾದ ನಿಕೊಲಾಯ್ ಜೆಲಿನ್ಸ್ಕಿ ಇದ್ದಿಲು ತುಂಬಿದ ಮುಖವಾಡ ರೂಪಿಸಿದ. ಆಮೇಲೆ ಎಲ್ಲ ದೇಶಗಳಿಗೂ ಒಳ್ಳೆಯ ಇದ್ದಿಲು ಬೇಕಾಯಿತು.

ಯಾವುದು ಒಳ್ಳೆಯದು? ಅಮೆರಿಕದ ಸೈನ್ಯದವರು ಬಗೆಬಗೆಯ ಕಟ್ಟಿಗೆ, ಕಾಯಿ, ಬೀಜಗಳನ್ನು ಸುಟ್ಟು ಪರೀಕ್ಷಿಸಿದರು. ಗೆದ್ದದ್ದು ನಮ್ಮ ತೆಂಗಿನ ಚಿಪ್ಪು! ಗಟ್ಟಿ ಚಿಪ್ಪಿನ ಇದ್ದಿಲಿನಲ್ಲಿ ರಂಧ್ರಗಳು ಬಹಳ ಸಣ್ಣವು. ಅನಿಲದ ಕಣಗಳು ಅಲ್ಲಿ ಸಿಕ್ಕಿಬೀಳುತ್ತವೆ. ಆದರೆ ಅಮೆರಿಕದಲ್ಲಿ ಬೇಕಾದಷ್ಟು ತೆಂಗು ಎಲ್ಲಿದೆ? ‘ತೆಂಗಿನಕಾಯಿ ಹೆಚ್ಚು ತಿನ್ನಿ’ ಎಂದು ಅಲ್ಲಿ ಪ್ರಚಾರವೇ ನಡೆಯಿತಂತೆ. ಅದೂ ಸಾಲದೆ 1918ರಲ್ಲಿ ಹಣ್ಣಿನ ಗೊರಟಿಗೆ ಕೈಚಾಚಿದರು. ಪೀಚ್, ಏಪ್ರಿಕಾಟ್, ಚೆರ್ರಿ ಹಣ್ಣುಗಳ ಗೊರಟು, ಅಕ್ರೋಟಿನ ಚಿಪ್ಪು, ಏನಾದರೂ ಸರಿ. ರೆಡ್‌ಕ್ರಾಸಿನವರು ಊರೂರಿನ ಬೀದಿಗಳಲ್ಲಿ ಪೀಪಾಯಿ ಇಟ್ಟರು. 200 ಪೀಚ್ ಗೊರಟು, ಅಥವಾ 7 ಪೌಂಡ್ ಕಾಯಿಚಿಪ್ಪು ಕೂಡಿದರೆ ಒಂದು ಮುಖವಾಡಕ್ಕೆ ಸಾಕಾಗುವಷ್ಟು ಇದ್ದಿಲಾಗುತ್ತದೆ ಎಂದು ಸಾರಿದರು. ಮಗನನ್ನು, ಗಂಡನನ್ನು, ತಮ್ಮನನ್ನು ಯುದ್ಧಕ್ಕೆ ಕಳಿಸಿದ ಹೆಂಗಸರು ಹಣ್ಣು ಹೆಚ್ಚಿದ ಮೇಲೆ ಗೊರಟನ್ನು ಎಸೆಯದೆ ತೊಳೆದು ಒಣಗಿಸಿಟ್ಟರು. ಮಕ್ಕಳು ಮನೆಮನೆ ತಿರುಗಿ ಒಟ್ಟು ಮಾಡಿದರು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್ ಸಿಟಿಯ ಕಾರ್ಖಾನೆಯಲ್ಲಿ ಕುಳಿತು ಮುಖವಾಡ ಜೋಡಿಸಿದವರಲ್ಲೂ ಬಹಳ ಮಂದಿ ಹೆಂಗಸರೇ. ನವೆಂಬರ್ 11ಕ್ಕೆ ಯುದ್ಧ ಮುಗಿಯಿತು. ಆದರೆ ಅಡುಗೆಮನೆಯ ಕಸದಿಂದ ಒಂದು ಜೀವ ಉಳಿಸಬಹುದೆಂಬ ಸಂಗತಿ ಜನರ ಮನಸ್ಸಿನಲ್ಲಿ ನಿಂತಿತು.

ಈ ಪ್ರಸಂಗವನ್ನು ನಾನು ಓದುತ್ತಿದ್ದ ದಿನವೇ, ಹಿತ್ತಲಿನ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಗೋಣಿಚೀಲ ಕಾಲಿಗೆ ತಾಕಿತು. ಬಿಚ್ಚಿ ನೋಡಿದರೆ ತೆಂಗಿನ ಚಿಪ್ಪು. ಮುಕ್ಕಾಲು ಚೀಲ. ಶರಣಮ್ಮನನ್ನು ಕೇಳಿದೆ.

‘ನಾಕು ಮನೀದು ಕೂಡಸೀನ್ರಿ ಅಕ್ಕಾರ. ಜಾತ್ರಿಗೆ ಊರಿಗೆ ಹೋಗ್ತೀನಲ್ರಿ, ಅಲ್ಲೆ ಸುಟ್ಟು ಇದ್ಲಿ ಮಾಡಿ ನಮ್ಮವ್ವನ ಕೊಡಕ್ಕ ಹಾಕ್ತೀನ್ರಿ. ನೀವೇ ಅಂದ್ರಲ್ರಿ, ಇದ್ಲಿ ಎಲ್ಲಾ ಹೀರ್ತದಂತ.’

ಎದೆ ಧಸಕ್ಕೆಂದಿತು. ಆ ಅಮೆರಿಕದ ತಾಯಂದಿರ ಪೀಪಾಯಿಗೂ ಈ ಗೋಣಿಚೀಲಕ್ಕೂ ಆಸೆಯಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಅವರ ಗೊರಟಿನ ಹಿಂದೆ ಒಂದು ಕಾರ್ಖಾನೆ, ಒಂದು ಪ್ರಯೋಗಾಲಯ ಇತ್ತು. ಇವಳ ಚೀಲದ ಹಿಂದೆ ಇದ್ದದ್ದು ಒಲೆಯ ಮುಂದೆ ನಿಂತು ನಾನಾಡಿದ ಒಂದು ಮಾತು. ‘ಜಾತ್ರೆ ಯಾವಾಗ?’ ಎಂದು ಕೇಳಿದೆ. ಇನ್ನು ಹನ್ನೆರಡು ದಿನವಿತ್ತು. ಅಷ್ಟರಲ್ಲಿ ನಾನು ಸರಿಯಾಗಿ ತಿಳಿದುಕೊಳ್ಳಬೇಕಾಗಿತ್ತು.

ಮೊದಲು ಇದ್ದಿಲು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದೆ. ಸ್ಪಂಜು ನೀರು ಕುಡಿದಂತೆ ಅದು ಕೊಳೆಯನ್ನು ಕುಡಿಯುವುದಿಲ್ಲ. ಅದರ ಒಳಗೆ ಕಣ್ಣಿಗೆ ಕಾಣದ ಲಕ್ಷಾಂತರ ಗವಿಗಳಿವೆ. ಗವಿಗಳ ಗೋಡೆಗೆ ಕೊಳೆ ಅಂಟಿಕೊಳ್ಳುತ್ತದೆ. ಚಿಪ್ಪನ್ನು ಗಾಳಿಯಾಡದಂತೆ ಸುಟ್ಟಾಗ ಒಂದಿಷ್ಟು ಗವಿ ತೆರೆಯುತ್ತವೆ. ಆಮೇಲೆ 800ರಿಂದ 1000 ಡಿಗ್ರಿ ಕಾವಿನಲ್ಲಿ ಹಬೆ ಹಾಯಿಸಿದಾಗ ಹಬೆಯು ಇಂಗಾಲವನ್ನು ಕೊರೆದು ಗವಿಯೊಳಗೆ ಗವಿ ಮಾಡುತ್ತದೆ. ಹೀಗೆ ತಯಾರಾದ ಒಂದು ಗ್ರಾಂ ಇದ್ದಿಲಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಮೂವತ್ತು ನಲವತ್ತರ ಒಂಬತ್ತು ಸೈಟುಗಳು! ಚಿಟಿಕೆ ಇದ್ದಿಲಿನೊಳಗೆ ಒಂದು ಸಣ್ಣ ಬಡಾವಣೆ. ಅಜ್ಜಿಯ ಗುಂಡಿಯ ಇದ್ದಿಲಿಗೆ ಇಷ್ಟು ವಿಸ್ತಾರ ಇರುವುದು ಸಾಧ್ಯವಿಲ್ಲ. ಗುಂಡಿಯಲ್ಲಿ ಅಷ್ಟು ಕಾವೂ ಇಲ್ಲ, ಹಬೆಯೂ ಇಲ್ಲ.

ಎರಡನೆಯದಾಗಿ, ಈ ಗೋಡೆಗೆ ಯಾವುದು ಅಂಟುತ್ತದೆ? ಬಣ್ಣ, ವಾಸನೆ, ಎಣ್ಣೆಯಂಶ, ಕೀಟನಾಶಕದಂಥವು ಚೆನ್ನಾಗಿ ಅಂಟುತ್ತವೆ. ಊರಿಗೆ ನೀರು ಕೊಡುವವರು ಇದ್ದಿಲನ್ನು ಹಿಡಿದದ್ದೂ ಅದಕ್ಕೇ. 1929ರಲ್ಲಿ ಜರ್ಮನಿಯ ಹಾಮ್ ಪಟ್ಟಣದಲ್ಲಿ, 1930ರಲ್ಲಿ ಅಮೆರಿಕದ ಬೇ ಸಿಟಿಯಲ್ಲಿ ನೀರು ಸರಬರಾಜಿಗೆ ಸಕ್ರಿಯ ಇಂಗಾಲದ ಪದರ ಹಾಕಿದರು. ನೀರಿನ ಕೆಟ್ಟ ರುಚಿ, ವಾಸನೆಯನ್ನು ತೆಗೆಯಬೇಕಾಗಿತ್ತು. ಆದರೆ ಲೋಹಗಳ ಮಾತು ಬೇರೆ. ಅವು ನೀರಿನಲ್ಲಿ ಉಪ್ಪಿನಂತೆ ಕರಗಿರುತ್ತವೆ. ಒಂದು ಲೋಟ ಉಪ್ಪು ನೀರನ್ನು ಮಾಮೂಲಿ ಇದ್ದಿಲಿನ ಮೂಲಕ ಸೋಸಿ ರುಚಿ ನೋಡಿ, ಉಪ್ಪು ಉಪ್ಪಾಗಿಯೇ ಇರುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂ ಇವಕ್ಕೆ ಬಣ್ಣ, ವಾಸನೆಗಳ ಗುರುತೂ ಇಲ್ಲ. ಅಡುಗೆಮನೆಯಲ್ಲಿ ನಾವು ಮೂಗು, ನಾಲಿಗೆಗಳನ್ನು ನಂಬಿ ಬದುಕಿದವರು. ಹಾಲು ಕೆಟ್ಟಿದೆಯೇ, ಹಿಟ್ಟು ಮುಗ್ಗಿದೆಯೇ ಎಂದು ಮೂಸಿ ಹೇಳಬಲ್ಲೆವು. ಈ ಶತ್ರುವಿನ ಮುಂದೆ ಆ ವಿದ್ಯೆ ನಡೆಯುವುದಿಲ್ಲ.

ಇದಕ್ಕೆ ದೊಡ್ಡ ಬೆಲೆ ತೆತ್ತವರು ಜಪಾನಿನ ತೊಯಾಮಾ ಪ್ರಾಂತದ ರೈತ ಹೆಂಗಸರು. ಜಿಂಜೂ ನದಿಯ ಮೇಲ್ದಂಡೆಯ ಕಾಮಿಯೊಕಾ ಗಣಿಯಿಂದ ಕ್ಯಾಡ್ಮಿಯಂ ಬೆರೆತ ನೀರು ಹರಿದು ಬತ್ತದ ಗದ್ದೆಗೆ ಬಂತು. ಗದ್ದೆಯಿಂದ ಅಕ್ಕಿಗೆ, ಅಕ್ಕಿಯಿಂದ ಮೈಗೆ. ಹಲವು ಹೆರಿಗೆಯಾಗಿ, ಮುಟ್ಟು ನಿಂತ ವಯಸ್ಸಿನ ಹೆಂಗಸರ ಮೂಳೆಗಳು ಮೆತ್ತಗಾಗಿ, ಹೊರಳಿದರೆ ಮುರಿಯುವ ಹಾಗಾದವು. ಅವರ ನರಳಾಟವೇ ರೋಗದ ಹೆಸರಾಯಿತು: ‘ಇತಾಯಿ-ಇತಾಯಿ’. ನಮ್ಮ ಭಾಷೆಯಲ್ಲಿ ‘ನೋವು, ನೋವು’. ಇದು ಗಣಿಯ ಕ್ಯಾಡ್ಮಿಯಂನಿಂದಲೇ ಬಂದದ್ದೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಅಲ್ಲಿಯವರೆಗೆ ಅವರ ನೋವಿಗೆ ಯಾವ ಲೆಕ್ಕವೂ ಇರಲಿಲ್ಲ.

ಹಾಗಾದರೆ ಲೋಹವನ್ನೂ ಹಿಡಿಯುವ ಇದ್ದಿಲು ಮಾಡಲಾಗದೆ? ಮಾಡಬಹುದು ಎಂದು ವಿಜ್ಞಾನಿಗಳು ತೋರಿಸಿದ್ದಾರೆ, ಅದೂ ಹೊಲಮನೆಯ ಕಸದಿಂದಲೇ. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಅಲ್ಲಿನ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರವಿದೆ. ಅಲ್ಲಿ ವೇಯ್ನ್ ಮಾರ್ಷಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಬಾದಾಮಿ ಚಿಪ್ಪು, ಪೆಕಾನ್ ಎಂಬ ಕಾಯಿಯ ಚಿಪ್ಪುಗಳನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಸುಟ್ಟು, ತಾಮ್ರದಂಥ ಲೋಹಗಳನ್ನು ಹಿಡಿಯುವ ಇಂಗಾಲ ತಯಾರಿಸಿದರು. ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ ಕದಿರ್ವೇಲು ಮತ್ತು ನಮಸಿವಾಯಂ ತೆಂಗಿನ ನಾರು ಬಿಡಿಸಿದಾಗ ಉದುರುವ ಪುಡಿಯಿಂದ ಇಂಗಾಲ ಮಾಡಿ, ಅದು ನೀರಿನ ಕ್ಯಾಡ್ಮಿಯಂ ಹಿಡಿಯುವುದನ್ನು 2003ರಲ್ಲಿ ಪ್ರಕಟಿಸಿದರು. ನಾರಿನ ಕಾರ್ಖಾನೆಗಳ ಪಕ್ಕ ಗುಡ್ಡದಂತೆ ಬಿದ್ದಿರುವ ಆ ಪುಡಿಯನ್ನು ನಮ್ಮ ಸೀಮೆಯವರೆಲ್ಲ ನೋಡಿದ್ದೇವೆ. ಇದರ ಗುಟ್ಟು ಇಷ್ಟೆ: ಆಮ್ಲ ಅಥವಾ ಗಾಳಿಯಿಂದ ಪಳಗಿಸಿದಾಗ ಗವಿಯ ಗೋಡೆಯಲ್ಲಿ ಆಮ್ಲಜನಕದ ಕೊಂಡಿಗಳು ಮೂಡುತ್ತವೆ. ಧನ ವಿದ್ಯುದಂಶವುಳ್ಳ ಲೋಹದ ಕಣಗಳು ಆ ಕೊಂಡಿಗೆ ಸಿಕ್ಕಿಕೊಳ್ಳುತ್ತವೆ. ಆದರೆ ನೀರು ಹುಳಿಯಾದರೆ ಹಿಡಿತ ಸಡಿಲವಾಗುತ್ತದೆ. ಬಾವಿಯ ನೀರಿನಲ್ಲಿ ಸುಣ್ಣ, ಉಪ್ಪು ಮೊದಲಾದವು ಜಾಗಕ್ಕೆ ಪೈಪೋಟಿ ಮಾಡುತ್ತವೆ. ಪ್ರಯೋಗಾಲಯದಲ್ಲಿ ಒಂದೇ ಲೋಹ ಬೆರೆಸಿದ ನೀರಿನಲ್ಲಿ ಗೆದ್ದದ್ದು ಹಳ್ಳಿಯ ಬೋರಿನಲ್ಲಿ ಹಾಗೇ ಗೆಲ್ಲಬೇಕೆಂದಿಲ್ಲ.

ಇನ್ನು ಶರಣಮ್ಮನ ಊರಿನ ಪ್ರಶ್ನೆ. ಅವಳ ಕಡೆಯ ಬೋರುಗಳಿಗೆ ಕೆಂಪು ಬಣ್ಣ ಬಿದ್ದದ್ದು ಆರ್ಸೆನಿಕ್ ಕಾರಣಕ್ಕೆ. ಹಳಬರು ಶಂಖಪಾಷಾಣ ಎನ್ನುತ್ತಿದ್ದ ವಿಷದ ಮೂಲಧಾತು. ಸುರಪುರದ ಕಡೆಯ ಮಂಗಳೂರು ಎಂಬಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಅದರ ಹತ್ತಿರದ ಕಿರದಳ್ಳಿ ತಾಂಡಾ ಸುತ್ತ ನಡೆದ ಅಧ್ಯಯನವನ್ನು ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಅತಿ ಹೆಚ್ಚೆಂದರೆ 303. ತಪಾಸಣೆ ಮಾಡಿದ 181 ಜನರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತುಗಳಿದ್ದವು. ಮಳೆ ನೀರಿನಂತೆ ತಿಳಿಯಾಗಿ ಕಾಣುವ ನೀರು ಮಾಡಿದ ಕೆಲಸವಿದು.

ಬಂಗಾಳದವರಿಗೆ ಈ ಸಂಕಟ ನಮಗಿಂತ ಮೊದಲೇ ಬಂದಿತ್ತು. ಕೆರೆಯ ಕೊಳೆ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುವುದನ್ನು ತಪ್ಪಿಸಲು 1970ರ ದಶಕದಲ್ಲಿ ಬಾಂಗ್ಲಾದೇಶದ ಉದ್ದಗಲಕ್ಕೂ ಕೊಳವೆಬಾವಿ ಕೊರೆಸಿದರು. ಒಳ್ಳೆಯ ಉದ್ದೇಶದ ಕೆಲಸ. ಆದರೆ ನೆಲದಡಿಯ ಪದರದಲ್ಲಿ ಆರ್ಸೆನಿಕ್ ಇತ್ತು. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಚರ್ಮವೈದ್ಯ ಕೆ.ಸಿ. ಸಾಹಾ ಮೊದಲ ರೋಗಿಗಳನ್ನು ಗುರುತಿಸಿದರು. ಬಾಂಗ್ಲಾದೇಶದಲ್ಲಿ 1993ರಲ್ಲಿ ಬಯಲಾಯಿತು. ಆಮೇಲೆ ಲಕ್ಷಾಂತರ ಬಾವಿಗಳನ್ನು ಪರೀಕ್ಷಿಸಿ ವಿಷವಿದ್ದದ್ದಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಕೈಕಾಲಿನಲ್ಲಿ ಮಚ್ಚೆ, ಗಂಟು ಎದ್ದ ಹುಡುಗಿಯರಿಗೆ ಗಂಡು ಸಿಗಲಿಲ್ಲ. ಮದುವೆಯಾದವರನ್ನು ಕುಷ್ಠವೆಂದು ತಿಳಿದು ತವರಿಗೆ ಅಟ್ಟಿದ್ದೂ ಉಂಟು. ನೀರು ಹೊತ್ತವಳೇ ನೀರಿನ ಅಪವಾದವನ್ನೂ ಹೊರಬೇಕಾಯಿತು.

ಅಲ್ಲೇ ಹುಟ್ಟಿದ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಒಂದರ ಮೇಲೊಂದು ಮೂರು ಮಡಕೆ. ಮೇಲಿನದರಲ್ಲಿ ಕಬ್ಬಿಣದ ಚೂರು ಮತ್ತು ಮರಳು. ನಡುವಿನದರಲ್ಲಿ ಇದ್ದಿಲು ಮತ್ತು ಮರಳು. ಕೆಳಗಿನದರಲ್ಲಿ ಸೋಸಿದ ನೀರು. ನಮ್ಮ ಕಲಶವನ್ನೇ ಹೋಲುವ ಹೆಸರಿನ ಅವರ ‘ಕೊಲ್ಶಿ’ ಮಡಕೆಗಳು. ಇದನ್ನೇ ಬೆಳೆಸಿ, ಕಬ್ಬಿಣದ ಪದರವನ್ನು ವಿಶೇಷವಾಗಿ ತಯಾರಿಸಿ, ಅಬುಲ್ ಹುಸ್ಸಾಮ್ ಎಂಬ ರಸಾಯನಶಾಸ್ತ್ರಜ್ಞರು ‘ಸೋನೋ’ ಫಿಲ್ಟರ್ ರೂಪಿಸಿದರು. ಅದಕ್ಕೆ 2007ರಲ್ಲಿ ಅಮೆರಿಕದ ಗ್ರೇಂಜರ್ ಬಹುಮಾನ ಬಂತು, ಹತ್ತು ಲಕ್ಷ ಡಾಲರು. ಆ ಹಣದ ಬಹುಪಾಲನ್ನು ಅವರು ಬಡವರಿಗೆ ಫಿಲ್ಟರ್ ಹಂಚಲು ಬಿಟ್ಟುಕೊಟ್ಟರು. ಈ ಫಿಲ್ಟರಿನಲ್ಲಿ ಆರ್ಸೆನಿಕ್ ಹಿಡಿಯುವುದು ಯಾವುದು ಎಂದು ಹುಡುಕಿದಾಗ ನನಗೆ ಉತ್ತರ ಸಿಕ್ಕಿತು. ತುಕ್ಕು ಹಿಡಿದ ಕಬ್ಬಿಣ. ಇದ್ದಿಲು ಅಲ್ಲಿ ಬರಿಯ ಸಹಾಯಕ್ಕೆ ಇರುವುದು. ಲೋಹಗಳ ಗುಂಪಿನಲ್ಲೂ ಆರ್ಸೆನಿಕ್ ತುಸು ವಕ್ರ. ಅದು ನೀರಿನಲ್ಲಿ ಬೇರೆ ರೂಪದಲ್ಲಿ ಇರುವುದರಿಂದ ಬರಿ ಇದ್ದಿಲಿಗೆ ಸುಲಭವಾಗಿ ಅಂಟುವುದೇ ಇಲ್ಲ.

ಅಲ್ಲಿಗೆ ನಾನು ಹೇಳಿದ್ದು ಸುಳ್ಳಾಗಿತ್ತು.

ಮರುದಿನ ಶರಣಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ‘ನಾನು ತಿಳಿದೇ ಹೇಳಿಬಿಟ್ಟೆ ಅಂದ್ಕೋಬೇಡ ಶರಣಮ್ಮ. ತಪ್ಪಾಯ್ತು. ಆ ವಿಷಕ್ಕೆ ಈ ಇದ್ದಿಲು ಸಾಲದು. ಕಾಯಿಸಿ ಕುಡಿದರೂ ಹೋಗಲ್ಲ. ನೀರು ಆವಿಯಾಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತೆ.’ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಷ್ಟೂ ಚಿಪ್ಪು ಹಂಡೆಕ್ಕ ಹಾಕ್ರಿ ಹಂಗಾರ’ ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಜಾತ್ರೆಗೆ ಹೋಗುವಾಗ ಚೀಲದ ಬದಲು ಎರಡು ತೊಳೆದ ಬಾಟಲಿ ಕೊಟ್ಟು ಕಳಿಸಿದೆ. ಒಂದರಲ್ಲಿ ಅವ್ವ ಕುಡಿಯುವ ಬೋರಿನ ನೀರು, ಇನ್ನೊಂದರಲ್ಲಿ ಊರಾಚೆಯ ಹೊಲದ ಹಳೆಯ ತೆರೆದ ಬಾವಿಯದು. ಹಿಂತಿರುಗಿದ ಮೇಲೆ ಇಬ್ಬರೂ ಆಟೋದಲ್ಲಿ ಹೋಗಿ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕೊಟ್ಟುಬಂದೆವು. ವಾರದ ಮೇಲೆ ಬಂದ ಚೀಟಿಯಲ್ಲಿ ಬೋರಿನ ನೀರು ಮಿತಿಗಿಂತ ಬಹಳ ಮೇಲಿತ್ತು. ತೆರೆದ ಬಾವಿಯದು ಆರ್ಸೆನಿಕ್ ಮಟ್ಟಿಗೆ ಮಿತಿಯೊಳಗಿತ್ತು, ಆದರೆ ಕ್ರಿಮಿಗಳಿದ್ದವು. ಕಾಯಿಸಿ ಕುಡಿಯಬೇಕು. ಶರಣಮ್ಮ ಅಲ್ಲೇ ನಿಂತು ತಮ್ಮನಿಗೆ ಫೋನು ಹಚ್ಚಿದಳು. ‘ಬೋರಿಂದು ಬ್ಯಾಡ. ಅವ್ವಗ ಹೇಳು. ಕುಡ್ಯಾಕ, ಅಡಗಿಗಿ ಬಾವೀದೇ ತರ್ರಿ, ಕುದಿಸಿ ಆರಿಸ್ರಿ.’ ಆ ಬಾವಿ ಮನೆಯಿಂದ ಒಂದು ಮೈಲಿ. ಅವ್ವನಿಗೆ ಅರವತ್ತು ದಾಟಿದೆ. ದಿನಾ ಆ ಕೊಡ ಹೊರುವವರು ಯಾರು ಎಂಬುದನ್ನು ಚೀಟಿಯಲ್ಲಿ ಬರೆದಿರಲಿಲ್ಲ. ಈಗ ತಮ್ಮನ ಹೆಂಡತಿ ಹೊರುತ್ತಿದ್ದಾಳಂತೆ.

ಒಂದು ಸಂಗತಿ ಉಳಿಯಿತು. ಆ ದಿನ ಒಡೆದ ಕೊಳವೆಯ ಕಪ್ಪು ಕಾಳುಗಳನ್ನು ನಾನು ‘ಗಿಡಕ್ಕೆ ಒಳ್ಳೆಯದು’ ಎಂದು ಕರಿಬೇವಿನ ಕುಂಡಕ್ಕೆ ಸುರಿದಿದ್ದೆ. ಓದುತ್ತಾ ಹೋದಂತೆ ಆ ಕುಂಡದ ಕಡೆ ಕಣ್ಣು ಹೋಗತೊಡಗಿತು. ಇದ್ದಿಲು ಏನನ್ನೂ ಸುಟ್ಟುಹಾಕುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ಒಂದು ವರ್ಷ ನಮ್ಮ ನಲ್ಲಿಯ ನೀರಿನಿಂದ ಅದು ಹಿಡಿದದ್ದೆಲ್ಲ ಅದರೊಳಗೇ ಇತ್ತು. ಲೋಹವಿದ್ದರೆ ಅದೂ ಇರುತ್ತದೆ. ಮಣ್ಣು ಹುಳಿಯಾದರೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಜಿಂಜೂ ನದಿಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ ಬಂದ ಹಾಗೆ. ದೊಡ್ಡ ಕಾರ್ಖಾನೆಗಳು ಬಳಸಿದ ಇಂಗಾಲವನ್ನು ಮತ್ತೆ ಕುಲುಮೆಗೆ ಹಾಕಿ ಚುರುಕುಗೊಳಿಸುತ್ತವೆ, ಲೋಹ ಹಿಡಿದದ್ದನ್ನು ಬೇರೆಯಾಗಿ ವಿಲೇವಾರಿ ಮಾಡಬೇಕಾಗುತ್ತದೆ. ಮನೆಯಲ್ಲಿ ನಮಗೆ ಆ ಯೋಚನೆಯೇ ಬರುವುದಿಲ್ಲ. ಮಡಿಯಾಗುವುದೆಂದರೆ ಮೈಲಿಗೆಯನ್ನು ಬೇರೆ ಕಡೆಗೆ ಸರಿಸುವುದು. ಸರಿಸಿದ್ದು ಎಲ್ಲಿಗೆ ಹೋಯಿತು ಎಂದು ಅಜ್ಜಿಯೂ ಕೇಳಲಿಲ್ಲ, ನಾನೂ ಕೇಳಿರಲಿಲ್ಲ.

ಕುಂಡದ ಮೇಲುಮಣ್ಣು ತೆಗೆದು, ಕಾಳುಗಳ ಸಮೇತ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಫಿಲ್ಟರಿನ ಹುಡುಗ ಈ ಸಲ ಬಂದಾಗ ಹಳೆಯ ಕೊಳವೆಯ ಜೊತೆ ಅದನ್ನೂ ಅವನ ಕೈಗೆ ಕೊಟ್ಟು, ‘ಇದನ್ನ ಎಲ್ಲಿ ಹಾಕ್ತೀಯಪ್ಪ?’ ಎಂದು ಕೇಳಬೇಕೆಂದಿದ್ದೇನೆ. ಅವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಕಂಪನಿಯವರನ್ನು ಕೇಳಿ ಬಾ ಎನ್ನುತ್ತೇನೆ. ಪಕ್ಕದ ಮನೆಯವರೂ ಕೇಳಲಿ, ಎದುರು ಮನೆಯವರೂ ಕೇಳಲಿ. ಶರಣಮ್ಮ ಕೂಡಿಸಿದ ಚಿಪ್ಪು ಮಾತ್ರ ಇನ್ನೂ ಕೊಟ್ಟಿಗೆಯಲ್ಲೇ ಇದೆ. ಅದನ್ನು ಹಂಡೆಯ ಒಲೆಗೆ ಹಾಕಲು ನನಗೆ ಕೈ ಬಂದಿಲ್ಲ.